ಹಳ್ಳಿಮನೆಗೆ ಇನ್ವರ್ಟರ್: ಡಬ್ಬದ ಮೇಲೆ ಬರೆಯದ ಸಂಗತಿಗಳು

ಮೊದಲೇ ಹೇಳಿಬಿಡುತ್ತೇನೆ, ಇನ್ವರ್ಟರ್ ಕೆಟ್ಟದ್ದಲ್ಲ. ಬ್ಯಾಟರಿಯಂತೂ ಗಟ್ಟಿ. ನನ್ನ ತಕರಾರು ಇರುವುದು ಅದನ್ನು ಯಾರ ಮನೆಗೆ ಅಂತ ಮಾಡಿದ್ದಾರೆ ಅನ್ನುವುದರ ಬಗ್ಗೆ. ಡಬ್ಬದ ಮೇಲೆ ಒಂದು ಫ್ಲಾಟಿನ ಚಿತ್ರ. ಸೋಫಾ, ನಗುವ ಗಂಡ ಹೆಂಡತಿ, ಟಿವಿ ನೋಡುವ ಮಕ್ಕಳು. ಕರೆಂಟ್ ಹೋಗಿದ್ದೇ ಅವರಿಗೆ ಗೊತ್ತಾಗಿಲ್ಲ ಅನ್ನುವಂಥ ಮುಖ. ನಮ್ಮ ಕಡೆ ಕರೆಂಟ್ ಹೋದರೆ ನಾಯಿಗೂ ಗೊತ್ತಾಗುತ್ತದೆ.

ನಾವಿರುವುದು ದಕ್ಷಿಣ ಗೋವಾದ ಕಾಣಕೋಣ ತಾಲೂಕಿನಲ್ಲಿ. ತಾಲೂಕಿನ ಪೇಟೆಯಾದ ಚಾವಡಿಯಿಂದ ಗಾವಡೊಂಗ್ರಿ ಕಡೆ ಹೋಗುವ ರಸ್ತೆಯಿಂದ ಒಳಗೆ. ಹುಟ್ಟಿದೂರು ಗದಗ ಜಿಲ್ಲೆಯ ರೋಣದ ಹತ್ತಿರ. ನಮ್ಮ ಮನೆಯವರು ವಾಸ್ಕೋದ ಬಂದರಿನ ವರ್ಕ್‌ಶಾಪಿನಲ್ಲಿ ಇಡೀ ನೌಕರಿ ಮುಗಿಸಿದರು. ರಿಟೈರ್ ಆದ ಮೇಲೆ ಊರಿಗೆ ಹೋಗೋಣ ಅಂದರೆ ಅಲ್ಲಿ ಈಗ ನಮ್ಮವರು ಅಂತ ಯಾರೂ ಇಲ್ಲ. ಮಗ ಪುಣೆಯಲ್ಲಿ. ಅಲ್ಲಿ ಹನ್ನೊಂದನೇ ಮಹಡಿ. ಇವರಿಗೆ ಲಿಫ್ಟ್ ಅಂದರೆ ಆಗುವುದಿಲ್ಲ. ಹಾಗಾಗಿ ಇಲ್ಲಿ, ನಾಲ್ಕು ತೆಂಗು, ಒಂದಿಷ್ಟು ಗೇರು, ಒಂದು ಬಾವಿ ಇರುವ ಸಣ್ಣ ಮನೆಯಲ್ಲಿ ನಾವಿಬ್ಬರೇ.

ನಮ್ಮ ಮನೆಗೆ ಬರುವ ತಂತಿ ಗೇರುಗಿಡ, ಹಲಸಿನ ಮರ, ತೆಂಗಿನ ನಡುವೆ ನುಗ್ಗಿಕೊಂಡು ಬರುತ್ತದೆ. ಒಂದು ತೆಂಗಿನ ಗರಿ ಬಿದ್ದರೆ ಸಾಕು, ಕತ್ತಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಕಾಟ. ಅದಕ್ಕೆ ಮುಂಚೆ ಮೇ ಕೊನೆಯಲ್ಲಿ, ಆಮೇಲೆ ಅಕ್ಟೋಬರಿನಲ್ಲಿ ಸಂಜೆ ಹೊತ್ತು ಗುಡುಗು ಸಿಡಿಲಿನ ಕಾಟ. ಲೈನ್‌ಮನ್ ಹುಡುಗರು ಜಡಿಮಳೆಯಲ್ಲಿ ಏಣಿ ಹೊತ್ತು, ಕಾಡಿನಲ್ಲಿ ತಂತಿ ಎಲ್ಲಿ ಹರಿದಿದೆ ಅಂತ ಹುಡುಕುತ್ತಾರೆ. ಅವರನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

ತೆಗೆದುಕೊಂಡಿದ್ದು ಇದು: 900 ವಿಎ ಸೈನ್ ವೇವ್ ಇನ್ವರ್ಟರ್, 150 ಎಎಚ್‌ನ ಎತ್ತರದ ಟ್ಯೂಬುಲರ್ ಬ್ಯಾಟರಿ, ಒಂದು ಪ್ಲಾಸ್ಟಿಕ್ ಟ್ರಾಲಿ. ವಿಎ ಅಂದರೆ ಇನ್ವರ್ಟರ್ ಒಮ್ಮೆಗೆ ಎಷ್ಟು ಭಾರ ಹೊರುತ್ತದೆ, ಎಎಚ್ ಅಂದರೆ ಬ್ಯಾಟರಿಯಲ್ಲಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಅಳತೆ. ಸೈನ್ ವೇವ್ ಅಂದರೆ ಮನೆ ಕರೆಂಟಿನಂಥದ್ದೇ ಕರೆಂಟು ಕೊಡುವುದು, ಟ್ಯೂಬುಲರ್ ಅಂದರೆ ನೀರು ಹಾಕುವ ಸೀಸದ ಬ್ಯಾಟರಿಯ ಒಂದು ಬಗೆ. ವೈರಿಂಗ್ ಸೇರಿ 24 ಸಾವಿರದ ಆಸುಪಾಸು ಆಯಿತು. ಆನ್‌ಲೈನ್‌ನಲ್ಲಿ ಎರಡು ಸಾವಿರ ಕಡಿಮೆಗೆ ಸಿಗುತ್ತದೆ ಅಂತ ಮಗ ಫೋನಿನಲ್ಲಿ ವಾದ ಮಾಡಿದ. ಇವರು ಕೇಳಿದ್ದು ಒಂದೇ ಪ್ರಶ್ನೆ.

"ಐವತ್ತು ಕಿಲೋದ ಬ್ಯಾಟರಿ ಗೇಟಿನಾಗ ಇಟ್ಟು ಹೋಗ್ತಾನ ಅವ. ಒಳಗ ಎತ್ತಿ ಇಡವರು ಯಾರು? ನೀ ಬರ್ತೀಯೇನು ಪುಣೆಯಿಂದ?"

ಅಲ್ಲಿಗೆ ಮಾತು ಮುಗಿಯಿತು. ಚಾವಡಿ ಬಜಾರಿನ ಅಂಗಡಿಯಲ್ಲೇ ತೆಗೆದುಕೊಂಡೆವು. ನನ್ನ ಪ್ರಕಾರ ಈ ಖರೀದಿಯಲ್ಲಿ ಆ ಎರಡು ಸಾವಿರದಷ್ಟು ಚೆನ್ನಾಗಿ ದುಡಿದ ದುಡ್ಡು ಬೇರೆ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಂಗಡಿಯವನು ವ್ಯಾಪಾರಕ್ಕಿಂತ ಮುಂಚೆ ಲೆಕ್ಕ ಮಾಡಿಸಿದ. ಎಷ್ಟು ಫ್ಯಾನು, ಎಷ್ಟು ಬಲ್ಬು, ರಾತ್ರಿ ಯಾವುದು ಬೇಕೇ ಬೇಕು? ಒಂದು ಚೀಟಿಯ ಹಿಂದೆ ಬರೆದು ತೋರಿಸಿದ. 150 ಎಎಚ್ ಅನ್ನು 12 ವೋಲ್ಟಿನಿಂದ ಗುಣಿಸಿದರೆ 1,800 ವ್ಯಾಟ್-ಅವರ್. ಇದು ಕಾಗದದ ಲೆಕ್ಕ. ಬ್ಯಾಟರಿಯ ಕರೆಂಟನ್ನು ಮನೆ ಕರೆಂಟಾಗಿ ಬದಲಾಯಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಬ್ಯಾಟರಿಯನ್ನು ತಳ ಕಾಣುವವರೆಗೆ ಖಾಲಿ ಮಾಡುವಂತೆಯೂ ಇಲ್ಲ. ಕೊನೆಗೆ ಕೈಗೆ ಸಿಗುವುದು ಹೆಚ್ಚುಕಡಿಮೆ 1,200, 1,300. ಹಳೇ ಕಾಲದ ಫ್ಯಾನ್ ಒಂದಕ್ಕೆ 75 ವ್ಯಾಟ್ ಬೇಕು. ಎರಡು ಫ್ಯಾನು, 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ಹಾಕಿದರೆ 186 ವ್ಯಾಟ್. ಅಂದರೆ ಆರೂವರೆ, ಏಳು ತಾಸು.

ಇನ್ನೊಂದು ಮಾತನ್ನೂ ಅವನೇ ಹೇಳಿದ. ಬ್ಯಾಟರಿ ಮೇಲೆ 150 ಅಂತ ಬರೆಯುವುದು 20 ತಾಸು ನಿಧಾನವಾಗಿ ಖರ್ಚು ಮಾಡುವ ಲೆಕ್ಕದಲ್ಲಿ. ಗಬಗಬ ಎಳೆದರೆ ಅಷ್ಟು ಸಿಗುವುದಿಲ್ಲ. "ಬ್ಯಾಟರಿ ದೊಡ್ಡದು ಮಾಡಬೇಡಿ, ಫ್ಯಾನು ಬದಲಾಯಿಸಿ" ಅಂದ. ಬಿಎಲ್‌ಡಿಸಿ ಅನ್ನುವ, ಕರೆಂಟು ಉಳಿಸುವ ಹೊಸ ಬಗೆಯ ಫ್ಯಾನು 30 ವ್ಯಾಟಿನ ಆಸುಪಾಸಿನಲ್ಲಿ ತಿರುಗುತ್ತದೆ. ಎರಡು ಫ್ಯಾನು ಬದಲಾಯಿಸಿದರೆ ಅದೇ ಬ್ಯಾಟರಿ ಹನ್ನೆರಡು ತಾಸು ದಾಟುತ್ತದೆ. ದೊಡ್ಡ ಬ್ಯಾಟರಿ ಮಾರುವ ಅವಕಾಶ ಬಿಟ್ಟು ಇದನ್ನು ಹೇಳುವ ಅಂಗಡಿಯವರು ಎಷ್ಟು ಜನ ಇದ್ದಾರೆ, ಹೇಳಿ?

ಫ್ರಿಜ್ ನಡೆಯುವುದಿಲ್ಲ. ಬಾವಿಯ ಪಂಪಿನ ಮಾತೇ ಬೇಡ. ಒಂದು ಎಚ್‌ಪಿ ಮೋಟರು ತಿರುಗಲು 746 ವ್ಯಾಟಿಗಿಂತ ಹೆಚ್ಚೇ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಮಿಕ್ಸಿಯೂ 750 ವ್ಯಾಟಿನದು. ಹಾಕಿದರೆ ಇನ್ವರ್ಟರ್ ಕಿರುಚಿ ಕುಳಿತುಬಿಡುತ್ತದೆ. ಹಾಗಾಗಿ ನನ್ನ ಅಡುಗೆಮನೆಯ ಟೈಮ್‌ಟೇಬಲ್ ಬದಲಾಗಲೇ ಇಲ್ಲ. ಮೋಡ ಕವಿಯಿತು ಅಂದರೆ ಮೊದಲು ಕಾಯಿ ಚಟ್ನಿ ರುಬ್ಬು, ಆಮೇಲೆ ಟ್ಯಾಂಕು ತುಂಬಿಸು, ಆಮೇಲೆ ಒಣಗಿದ ಬಟ್ಟೆ ತೆಗಿ. ಈ ಕ್ರಮದಲ್ಲೇ. ಬಟ್ಟೆ ತೊಯ್ದರೆ ಮತ್ತೆ ಒಣಗುತ್ತದೆ, ನೀರಿಲ್ಲದೆ ಕೂರಲಾಗುವುದಿಲ್ಲ.

ಇವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಫ್ರಿಜ್‌ನಲ್ಲಿರುತ್ತದೆ. ಫ್ರಿಜ್ ನಡೆಯುವುದಿಲ್ಲ ಅಂದಾಗ ನನಗೆ ಎದೆ ಧಸಕ್ಕೆಂದಿತ್ತು. ಡಾಕ್ಟರನ್ನು ಕೇಳಿದೆವು. ತೆರೆದು ಬಳಸುತ್ತಿರುವ ಇನ್ಸುಲಿನ್ ಪೆನ್ನನ್ನು ತಂಪಾದ ಕೋಣೆಯಲ್ಲಿ ಹೊರಗೇ ಇಟ್ಟುಕೊಳ್ಳಬಹುದು, ಸುಮಾರು ನಾಲ್ಕು ವಾರ. ತೆರೆಯದ ಸ್ಟಾಕಿಗೆ ಮಾತ್ರ 2ರಿಂದ 8 ಡಿಗ್ರಿ ಬೇಕು. ಬಾಗಿಲು ತೆಗೆಯದೆ ಇದ್ದರೆ ಫ್ರಿಜ್ ನಾಲ್ಕು ತಾಸಿನಷ್ಟು ತಣ್ಣಗಿರುತ್ತದೆ. ಅದಕ್ಕೇ ನಾವು ಸ್ಟಾಕು ಜಾಸ್ತಿ ಇಡುವುದಿಲ್ಲ. ಚಾವಡಿಯ ಔಷಧಿ ಅಂಗಡಿಯ ಫ್ರಿಜ್ ನಮ್ಮದಕ್ಕಿಂತ ಮೇಲು.

ಈಗ ಆ ಹಾಳು ಸ್ವಿಚ್ಚಿನ ಕಥೆ. ಹಳ್ಳಿಯಲ್ಲಿರುವವರು ಬೇರೆ ಏನೂ ಓದದಿದ್ದರೂ ಇದನ್ನು ಓದಿ.

ಕರೆಂಟ್ ಹೋದಾಗ ಇನ್ವರ್ಟರ್ ನಡೆಯಬೇಕು, ಬಂದಾಗ ಬ್ಯಾಟರಿ ತುಂಬಬೇಕು. ಇಷ್ಟೇ ಅಲ್ವಾ? ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಕರೆಂಟ್ ಇರುತ್ತಿತ್ತು, ಆದರೂ ಇನ್ವರ್ಟರ್ ಬ್ಯಾಟರಿ ಮೇಲೆ ನಡೆಯುತ್ತಿತ್ತು. ಒಂದು ನಿಮಿಷ ಮೇನ್ ಮೇಲೆ, ಮತ್ತೆ ಟಕ್ ಅಂತ ಬ್ಯಾಟರಿಗೆ. ಮತ್ತೆ ಟಕ್. ರಾತ್ರಿ ಹತ್ತಕ್ಕೆ ನಿಜವಾಗಿ ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಜೀವವೇ ಇರುತ್ತಿರಲಿಲ್ಲ. ಹೊಸ ಬ್ಯಾಟರಿ! ಇವರು ವರ್ಕ್‌ಶಾಪಿನವರು, ಸುಮ್ನೆ ಕೂರುವವರಲ್ಲ. ತಂತಿ ಸಡಿಲ ಇದೆಯಾ ನೋಡಿದರು, ಅರ್ಥಿಂಗ್ ನೋಡಿದರು. ಪುಸ್ತಕ ಹಿಡಿದು ಕೂತರು. ಪುಸ್ತಕ ಇಂಗ್ಲಿಷು, ಹಿಂದಿಯಲ್ಲಿ. ಅಕ್ಷರ ಸಾಸಿವೆ ಕಾಳಿನಷ್ಟು.

ಕಂಪನಿಯ ಸರ್ವಿಸಿಗೆ ಫೋನ್ ಮಾಡೋಣ ಅಂದೆ. ಹೇಳುವುದು ಸುಲಭ. ನಮ್ಮಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಮಲಗುತ್ತದೆ. ಇನ್ವರ್ಟರ್ ಕೆಟ್ಟಿದೆ ಅಂತ ಹೇಳಬೇಕಾದ ಹೊತ್ತಿಗೇ ಹೇಳಲಿಕ್ಕೆ ಸಿಗ್ನಲ್ ಇಲ್ಲ. ಮನೆ ಹಿಂದಿನ ಗುಡ್ಡದ ಮೇಲೆ ಒಂದು ಕಡೆ ಬೇರೆ ಟವರಿನ ಎರಡು ಕಡ್ಡಿ ಸಿಗುತ್ತದೆ. ಮಂಡಿನೋವು ಇಟ್ಟುಕೊಂಡು, ಛತ್ರಿ ಹಿಡಿದು ಅಲ್ಲಿಗೆ ಹತ್ತಬೇಕು. ಹತ್ತಿದರೆ ಆ ಕಡೆ ಹಾಡು. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಪಿನ್‌ಕೋಡ್ ಒತ್ತಿ. ಪ್ರಾಡಕ್ಟಿನ ಸೀರಿಯಲ್ ನಂಬರ್ ಒತ್ತಿ. ಸೀರಿಯಲ್ ನಂಬರು ಇನ್ವರ್ಟರಿನ ಹಿಂದೆ, ಇನ್ವರ್ಟರು ಮನೆಯಲ್ಲಿ, ನಾನು ಗುಡ್ಡದ ಮೇಲೆ.

ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಪಾಪ, ಮೆತ್ತಗೆ ಮಾತಾಡಿದಳು. ಲೊಕೇಶನ್ ಕಳಿಸಿ ಅಂದಳು. ಮೆಕ್ಯಾನಿಕ್ ಮಡಗಾಂವ್‌ನಿಂದ ಬರಬೇಕು. ಕಾಣಕೋಣ ಅಂದರೆ ಅವರಿಗೆ ಮೊದಲು ಕಣ್ಣಿಗೆ ಬರುವುದು ಕರ್ಮಲ್ ಘಾಟ್. ನಾಳೆ ಅಂದರು. ನಾಡಿದ್ದು ಅಂದರು. ಆಮೇಲೆ ಮೆಸೇಜು ಬಂತು: ಗ್ರಾಹಕರು ಫೋನಿಗೆ ಸಿಗದ ಕಾರಣ ದೂರು ಮುಗಿಸಲಾಗಿದೆ. ಕರೆಂಟಿಲ್ಲದೆ ಟವರು ಸತ್ತಿರುವಾಗ ಗ್ರಾಹಕರು ಹೇಗೆ ಸಿಗುತ್ತಾರಪ್ಪ? ಕರೆಂಟ್ ಹೋಗುತ್ತದೆ ಅಂತಲೇ ತಾನೇ ನಿಮ್ಮ ಡಬ್ಬ ಕೊಂಡಿದ್ದು? ಇದನ್ನು ಕೇಳಲು ಮತ್ತೆ ಗುಡ್ಡ ಹತ್ತುವ ಶಕ್ತಿ ನನಗಿರಲಿಲ್ಲ.

ಚಾವಡಿ ಅಂಗಡಿಯವನಿಗೆ ಹೇಳಿಕಳಿಸಿದೆವು. ಬೆಳಗ್ಗೆ ಪಾವು ತರುವ ಪೊದೇರನ ಕೈಯಲ್ಲಿ. ಮಧ್ಯಾಹ್ನ ಅಂಗಡಿ ಹುಡುಗ ಸ್ಕೂಟರಿನಲ್ಲಿ ಬಂದ, ರೈನ್‌ಕೋಟಿನಿಂದ ನೀರು ಸುರಿಸುತ್ತ. ಮೀಟರ್ ತೆಗೆದು ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿದ. 230 ಇರಬೇಕಾದ ಕಡೆ 168. ನಮ್ಮದು ಲೈನಿನ ಕೊನೆಯ ಮನೆ. ಸುತ್ತಲಿನವರ ಪಂಪು ಶುರುವಾದರೆ ನಮಗೆ ಉಳಿಯುವುದು ಅಷ್ಟೇ. ಇನ್ವರ್ಟರಿನ ಹಿಂದೆ ಬಗ್ಗಿ ಬೆರಳಿನಿಂದ ಏನನ್ನೋ ಸರಿಸಿದ. ಅಷ್ಟೇ. ಎದ್ದು ನಿಂತ. "ಆತಾಂ ಚಲ್ತಲೆಂ" ಅಂದ. ಇನ್ನು ನಡೆಯುತ್ತದೆ ಅಂತ.

ಹಿಂಬದಿಯಲ್ಲಿ ಉಗುರಿನಷ್ಟು ಸಣ್ಣ ಸ್ವಿಚ್ ಇದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ಯುಪಿಎಸ್ ಕಡೆ ಇದ್ದರೆ ಅದು ಬಹಳ ಮಡಿವಂತ. ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಇದು ಕರೆಂಟೇ ಅಲ್ಲ ಅಂತ ಬ್ಯಾಟರಿಗೆ ಹೋಗಿಬಿಡುತ್ತದೆ. ಕಂಪ್ಯೂಟರ್ ಇಟ್ಟುಕೊಂಡವರಿಗೆ ಅದು ಬೇಕು, ಯಾಕೆಂದರೆ ಬದಲಾವಣೆ ಬೇಗ ಆಗುತ್ತದೆ, ಕಂಪ್ಯೂಟರ್ ಬಂದ್ ಆಗುವುದಿಲ್ಲ. ನಾರ್ಮಲ್ ಕಡೆ ಇದ್ದರೆ 100, 110ರವರೆಗೂ ಸಹಿಸಿಕೊಳ್ಳುತ್ತದೆ. ಫ್ಯಾನು ಸ್ವಲ್ಪ ಮೆಲ್ಲಗೆ ತಿರುಗುತ್ತದೆ, ಆದರೆ ಬ್ಯಾಟರಿ ಉಳಿಯುತ್ತದೆ. ಫ್ಯಾಕ್ಟರಿಯಿಂದ ಬರುವಾಗಲೇ ನಮ್ಮದು ಯುಪಿಎಸ್ ಕಡೆ ಇತ್ತು. ಡಬ್ಬದ ಮೇಲಿನ ಸೋಫಾದವರಿಗೆ ಅದು ಸರಿಯೇ. ಲೈನಿನ ಕೊನೆಯ ಮನೆಯವರಿಗೆ ಅಲ್ಲ. ಇಷ್ಟನ್ನು ಡಬ್ಬದ ಮೇಲೆ ಒಂದು ಸಾಲು ಬರೆದಿದ್ದರೆ ನನ್ನ ಮಂಡಿ ಉಳಿಯುತ್ತಿತ್ತು. ನಾರ್ಮಲ್‌ಗೆ ಹಾಕಿದ ಮೇಲೆ ಆ ಟಕ್ ಟಕ್ ನಿಂತಿದೆ.

ಬೀಪ್ ಮಾತ್ರ ನಿಂತಿಲ್ಲ. ಬ್ಯಾಟರಿ ಮುಗಿಯುತ್ತ ಬಂದಾಗ ಅದು ಕೂಗಲು ಶುರುಮಾಡುತ್ತದೆ. ಹಗಲು ಕೂಗಲಿ, ಬೇಡ ಅನ್ನುವುದಿಲ್ಲ. ಅದು ಕೂಗುವುದು ನಸುಕಿನ ಮೂರಕ್ಕೆ, ಮಳೆಯ ಸದ್ದಿಗೆ ಈಗತಾನೇ ಕಣ್ಣು ಹತ್ತಿದಾಗ.

"ಏ, ಮತ್ತ ಕೂಗಾಕತ್ತು ನೋಡು."

"ಕೂಗಿದ್ರ ಕೂಗಲಿ ಬಿಡ್ರಿ. ಮಕ್ಕೋರಿ."

"ಬಂದ್ ಮಾಡಿ ಬರ್ಲೇನು?"

"ಬಂದ್ ಮಾಡಿದ್ರ ಫ್ಯಾನೂ ಬಂದ್ ಆಕ್ಕೈತಲ್ರೀ."

ಸದ್ದು ಮಾತ್ರ ಆರಿಸುವ ಗುಂಡಿ ನಮ್ಮ ಮಾಡೆಲಿನಲ್ಲಿ ಇಲ್ಲ. ಒಂದೋ ಬೀಪ್ ಕೇಳಿಕೊಂಡು ಗಾಳಿ ತಗೋ, ಇಲ್ಲ ಸುಮ್ನೆ ಸೊಳ್ಳೆ ಕಚ್ಚಿಸಿಕೊಂಡು ಮಲಗು. ಇವರಿಗೆ ಎಡಗಿವಿ ಮಂದ. ಆ ಕಿವಿ ಮೇಲೆ ಮಾಡಿ ಮಲಗಿ ಗೊರಕೆ ಹೊಡೆಯುತ್ತಾರೆ. ನನಗೆ ಎರಡೂ ಕಿವಿ ಚುರುಕು. ಕೊಳ್ಳುವಾಗ ಅಂಗಡಿಯಲ್ಲಿ ಕೇಳಿ, ಬಜರ್ ಬಂದ್ ಮಾಡಲಿಕ್ಕೆ ಬರುತ್ತದಾ ಅಂತ. ಯಾವ ಜಾಹೀರಾತಿನಲ್ಲೂ ಇದನ್ನು ಹೇಳುವುದಿಲ್ಲ.

ಬ್ಯಾಟರಿ ನೀರಿನದು ಇನ್ನೊಂದು ಕೆಲಸ. ಆರು ಮುಚ್ಚಳ, ಪ್ರತಿಯೊಂದರ ಮೇಲೂ ತೇಲುವ ಸಣ್ಣ ಕಡ್ಡಿ. ಹಸಿರು ಗೆರೆ ಕಾಣುತ್ತಿದ್ದರೆ ಚಿಂತೆಯಿಲ್ಲ, ಕೆಂಪಿಗೆ ಇಳಿದರೆ ನೀರು ಹಾಕಬೇಕು. ಡಿಸ್ಟಿಲ್ಡ್ ವಾಟರೇ ಆಗಬೇಕು, ಬಾವಿ ನೀರು ಎಷ್ಟು ಸಿಹಿಯಾಗಿದ್ದರೂ ನಡೆಯುವುದಿಲ್ಲ. ಅದರಲ್ಲಿರುವ ಲವಣ ಒಳಗಿನ ಪ್ಲೇಟು ಹಾಳು ಮಾಡುತ್ತದೆ. ಹೇಳಲು ಎರಡು ಮಾತು. ಮಾಡಲು ಇಬ್ಬರು ಬೇಕು. ಇವರು ಮುಚ್ಚಳ ತಿರುಗಿಸುತ್ತಾರೆ, ಕನ್ನಡಕ ಮೂಗಿನ ತುದಿಗೆ ಜಾರುತ್ತದೆ, ಟಾರ್ಚು ಕಂಕುಳಲ್ಲಿ. ಇವರ ಕೈ ಈಗ ಸ್ವಲ್ಪ ನಡುಗುತ್ತದೆ. ಆದ್ದರಿಂದ ಸುರಿಯುವ ಕೆಲಸ ನನ್ನದು. ಎಣ್ಣೆ ಹಾಕುವ ಸಣ್ಣ ಪ್ಲಾಸ್ಟಿಕ್ ಲಾಳಿಕೆ ಇದಕ್ಕೇ ಅಂತ ಬೇರೆ ಇಟ್ಟಿದ್ದೇನೆ. ಕಡ್ಡಿ ಮೆಲ್ಲಗೆ ಮೇಲೇಳುತ್ತದೆ. "ಸಾಕ್ ಸಾಕ್, ತುಂಬಿ ಹರೀತೈತಿ" ಅಂತ ಇವರು ಅರ್ಧಕ್ಕೇ ಕೂಗುತ್ತಾರೆ. ನಾನು ಹಸಿರು ಪೂರ್ತಿ ಕಾಣುವವರೆಗೆ ನಿಲ್ಲಿಸುವುದಿಲ್ಲ. ಜಾಸ್ತಿಯಾದರೂ ತೊಂದರೆಯೇ, ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ನೆಲಕ್ಕೆ ಬರುತ್ತದೆ. ಹಳೇ ಸೀರೆ ಉಟ್ಟುಕೊಂಡೇ ಈ ಕೆಲಸಕ್ಕೆ ಕೂರಿ. ಒಂದು ಹನಿ ಬಿದ್ದರೂ ಆಮೇಲೆ ಒಗೆದಾಗ ತೂತು.

ಗೋವಾದ ಮಳೆಗಾಲದ ಹವೆಗೆ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಒರೆಸಿ, ಒಣಗಿದ ಮೇಲೆ ವ್ಯಾಸಲೀನ್ ಹಚ್ಚಿ. ಒರೆಸುವ ಮುಂಚೆ ಇನ್ವರ್ಟರ್ ಆರಿಸಿ ಪ್ಲಗ್ ಕಿತ್ತಿರಬೇಕು. ಬ್ಯಾಟರಿಯನ್ನು ಗಾಳಿಯಾಡುವ ಜಾಗದಲ್ಲೇ ಇಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ನನ್ನ ಯಜಮಾನರು ದೇವರ ಮನೆಯ ಪಕ್ಕ ಜಾಗ ಇದೆ ಅಂದಿದ್ದರು. ಅಲ್ಲಿ ದಿನಾ ದೀಪ ಹಚ್ಚುವವಳು ನಾನು. ಬೇಡ ಅಂದೆ. ಈಗ ಪಡಸಾಲೆಯ ಕಿಟಕಿ ಕೆಳಗಿದೆ. ಇರುವೆ ಒಳಗೆ ಗೂಡು ಕಟ್ಟಬಾರದು ಅಂತ ಟ್ರಾಲಿ ಸುತ್ತ ಅರಿಶಿನ ಗೆರೆ ಎಳೆಯುತ್ತೇನೆ. ಕೆಲಸ ಮಾಡುತ್ತದೋ ಇಲ್ಲವೋ, ಸಮಾಧಾನ. ಗುಡುಗು ಶುರುವಾದರೆ ಪ್ಲಗ್ ಕೀಳಲೇಬೇಕು. ಇನ್ವರ್ಟರ್ ಇದೆ ಅಂತ ಧೈರ್ಯದಿಂದ ಟಿವಿ ನೋಡುತ್ತ ಕೂತ ಮನೆಯವರ ಟಿವಿ ಸುಟ್ಟಿದ್ದನ್ನು ಇಲ್ಲೇ ಕಂಡಿದ್ದೇನೆ.

ವಾರಂಟಿ ಬಗ್ಗೆ ಒಂದು ಮಾತು. ಬ್ಯಾಟರಿಗೆ 60 ತಿಂಗಳು ಅಂತ ದೊಡ್ಡಕ್ಷರ. ಕಾರ್ಡಿನ ಒಳಗೆ ನೋಡಿದರೆ 36+24. ಮೊದಲ 36 ತಿಂಗಳಲ್ಲಿ ಕೆಟ್ಟರೆ ಬದಲಿ ಕೊಡುತ್ತಾರೆ, ಆಮೇಲಿನ 24 ತಿಂಗಳಲ್ಲಿ ಹೊಸದರ ಬೆಲೆಯಲ್ಲಿ ರಿಯಾಯಿತಿ ಅಷ್ಟೇ. ಇದು ಮೋಸವಲ್ಲ, ಆದರೆ ಐದು ವರ್ಷ ನಿಶ್ಚಿಂತೆ ಅಂತ ಯಾರಾದರೂ ಹೇಳಿದರೆ ಕಾರ್ಡು ತೆರೆಸಿ ಓದಿಸಿ. ಅಂಗಡಿಯ ಸೀಲು, ತಾರೀಖು ಅದರ ಮೇಲೆ ಬೀಳುವವರೆಗೆ ದುಡ್ಡು ಕೊಡಬೇಡಿ. ಹಳೇ ಬ್ಯಾಟರಿ ಇದ್ದರೆ ಗುಜರಿಯವನಿಗೆ ಹಾಕಬೇಡಿ, ಒಳಗಿನ ಸೀಸಕ್ಕೆ ಬೆಲೆಯಿದೆ, ಅಂಗಡಿಯಲ್ಲೇ ಕೊಟ್ಟರೆ ಹೊಸದರಲ್ಲಿ ಕಡಿತ ಸಿಗುತ್ತದೆ.

ಒಂದು ಖುಷಿಯನ್ನೂ ಹೇಳಬೇಕು, ಇಲ್ಲದಿದ್ದರೆ ಬರೀ ಗೊಣಗುವ ಮುದುಕಿ ಅಂದುಕೊಳ್ಳುತ್ತೀರಿ. ಚವತಿಯ ಹಿಂದಿನ ದಿನ ಗಾಳಿ ಮಳೆಗೆ ಕಂಬವೇ ವಾಲಿತು. ಪಕ್ಕದ ಮನೆಯಮ್ಮ ಬೇಲಿ ಹತ್ತಿರ ನಿಂತು "ಲಾಯ್ಟ್ ಆಸಾ ತುಮ್ಗೆರ್?" ಅಂತ ಕೇಳಿದರು. ಇದೆ ಅಂದೆ. ಸಂಜೆಗೆ ನಮ್ಮ ಪಡಸಾಲೆಯಲ್ಲಿ ಇಡೀ ಕೇರಿಯ ಫೋನುಗಳು. ಎಕ್ಸ್‌ಟೆನ್ಶನ್ ಬೋರ್ಡಿನ ಮೇಲೆ ಚಾರ್ಜರುಗಳ ರಾಶಿ, ಯಾರದು ಯಾವುದು ಅಂತ ತಿಳಿಯಲು ಇವರು ಬಿಳಿ ಟೇಪು ಅಂಟಿಸಿ ಹೆಸರು ಬರೆದರು. ಒಬ್ಬ ಹುಡುಗ ಚಾರ್ಜ್ ಮಾಡುವ ನೆಪದಲ್ಲಿ ಇಲ್ಲೇ ಗೇಮ್ ಆಡುತ್ತ ಕೂತ. ಫೋನಿಗೆ ಕರೆಂಟು ಏನೂ ಜಾಸ್ತಿ ಬೇಕಾಗುವುದಿಲ್ಲ. ಹತ್ತು ಫೋನು ಹಾಕಿದರೂ ನಮ್ಮ ಹಳೇ ಫ್ಯಾನಿನಷ್ಟು ಎಳೆದವೋ ಇಲ್ಲವೋ. ಮರುದಿನ ನಮ್ಮ ಮನೆಗೆ ನೇವ್ರಿ, ಅಂದರೆ ಇಲ್ಲಿಯ ಸಿಹಿ ಕರಿಗಡುಬು, ಎಷ್ಟು ಡಬ್ಬ ಬಂತು ಅಂದರೆ, ಸಕ್ಕರೆ ಕಾಯಿಲೆಯವರ ಮುಂದೆ ಅದನ್ನು ಬಚ್ಚಿಡುವುದೇ ನನಗೆ ಕೆಲಸವಾಯಿತು.

ಅಂಕ ಕೊಡು ಅಂದರೆ ಇನ್ವರ್ಟರಿಗೆ ಐದರಲ್ಲಿ ಮೂರೂವರೆ. ಅರ್ಧ ಬೀಪಿಗೆ ಕಳೆದಿದ್ದೇನೆ, ಒಂದು ಆ ಸ್ವಿಚ್ಚಿಗೆ. ಬ್ಯಾಟರಿಗೆ ನಾಲ್ಕೂವರೆ. ಕಂಪನಿಯ ಫೋನ್ ಸರ್ವಿಸಿಗೆ ಒಂದು, ಅದೂ ಆ ಹುಡುಗಿ ಮೆತ್ತಗೆ ಮಾತಾಡಿದ್ದಕ್ಕೆ. ಚಾವಡಿ ಅಂಗಡಿಗೆ ಐದಕ್ಕೆ ಐದು. ಲೈನಿನ ಕೊನೆಯಲ್ಲಿರುವವರು, ಇಬ್ಬರೇ ಇರುವವರು ದಯವಿಟ್ಟು ಬ್ರ್ಯಾಂಡ್ ನೋಡಿ ಕೊಳ್ಳಬೇಡಿ. ಮಳೆಯಲ್ಲಿ ಸ್ಕೂಟರ್ ಹತ್ತಿ ಬರುವ ಹುಡುಗ ಯಾವ ಅಂಗಡಿಯಲ್ಲಿದ್ದಾನೆ ಅಂತ ಮೊದಲು ವಿಚಾರಿಸಿ, ಆ ಅಂಗಡಿಯಲ್ಲಿ ಇರುವ ಬ್ರ್ಯಾಂಡ್ ತಗೊಳ್ಳಿ.

ಮಗ ಈಗ ಲಿಥಿಯಂ ಬ್ಯಾಟರಿ ಹಾಕಿಸಿ ಅಂತ ಗಂಟುಬಿದ್ದಿದ್ದಾನೆ. ಭಾರ ಕಡಿಮೆ, ನೀರು ಹಾಕುವ ಗೋಜಿಲ್ಲ, ಬೇಗ ಚಾರ್ಜ್ ಆಗುತ್ತದೆ, ಬಾಳಿಕೆ ಜಾಸ್ತಿ. ಎಲ್ಲ ನಿಜ. ಬೆಲೆಯೂ ಜಾಸ್ತಿ. ನನಗೆ ಬೆಲೆಯ ಚಿಂತೆಗಿಂತ ಬೇರೆ ಚಿಂತೆ. ಅದರೊಳಗೆ ಒಂದು ಎಲೆಕ್ಟ್ರಾನಿಕ್ ಬೋರ್ಡು ಇರುತ್ತದಂತೆ, ಅದು ಕೆಟ್ಟರೆ ನಮ್ಮ ಹುಡುಗನ ಮೀಟರು, ಸ್ಪ್ಯಾನರು ಸಾಕಾಗುವುದಿಲ್ಲ. ಕಾಣಕೋಣ, ಕೇಪೆ, ಸಾಂಗೆ ಕಡೆ ಇರುವ ಕನ್ನಡದವರು ಯಾರಾದರೂ ಲಿಥಿಯಂ ಹಾಕಿಸಿದ್ದರೆ, ಅದು ಎಷ್ಟು ತಾಸು ನಡೆಯಿತು ಅನ್ನುವುದನ್ನು ಆಮೇಲೆ ಬರೆಯಿರಿ. ಕೆಟ್ಟಾಗ ಯಾರು ಬಂದರು, ಎಷ್ಟು ದಿನಕ್ಕೆ ಬಂದರು, ಅದನ್ನು ಮೊದಲು ಬರೆಯಿರಿ.